ಕರ್ಪೂರ ಮೊದಲು

ಬೆರಳಚ್ಚನ್ನು ಕದಿಯಬಹುದು, ಮುಖವನ್ನು ಕದಿಯಬಹುದು, ಅಂಕಿಗಳನ್ನಂತೂ ಕೂತಲ್ಲಿಂದಲೇ ಕದಿಯಬಹುದು ಎಂದಾದ ಮೇಲೆ ಬಾಗಿಲಿಗೆ ಯಾವ ಬೀಗ ಹಾಕುವುದೆಂದು ಜನ ಕಂಗಾಲಾಗಿದ್ದ ಕಾಲ ಅದು. ಆಗ ಮೈಸೂರಿನ ಹೊರಗಿನ ಒಂದು ಕಂಪನಿ ಬೀಗಕ್ಕೆ ಮೂಗು ಇಟ್ಟಿತು.

ವಾಸನೆಯ ಫೋಟೋ ತೆಗೆಯಲಾಗುವುದಿಲ್ಲ. ಅದನ್ನು ತಂತಿಯಲ್ಲಿ ಕಳಿಸಲಾಗುವುದಿಲ್ಲ. ಸಾವಿರ ಮೈಲಿ ಆಚೆ ಕೂತ ಕಳ್ಳ ಎಷ್ಟೇ ಜಾಣನಾದರೂ ನಿಮ್ಮ ಮನೆ ಬಾಗಿಲಿಗೆ ಮಲ್ಲಿಗೆ ಮೂಸಿಸಲಾರ. ಕಂಪನಿಯ ಲೆಕ್ಕ ಇಷ್ಟೇ. ಬಾಗಿಲಿನ ಒಳಗೂ ಹೊರಗೂ ಹುಣಿಸೆಬೀಜದಷ್ಟು ಒಂದೊಂದು ತೂತು, ಅದೇ ಮೂಗು. ಮನೆಯವರ ಸೊಂಟದಲ್ಲಿ ಬೀಗದಕೈಯ ಬದಲು ಕಡ್ಡಿಗೊಂಚಲು. ಅದರಲ್ಲಿ ಹನ್ನೆರಡು ಕಡ್ಡಿ, ಹನ್ನೆರಡು ಪರಿಮಳ: ಗಂಧ, ಮಲ್ಲಿಗೆ, ಸಂಪಿಗೆ, ಕೇದಿಗೆ, ಗುಲಾಬಿ, ಮರುಗ, ದವನ, ಲಾವಂಚ, ಏಲಕ್ಕಿ, ಲವಂಗ, ಸಾಂಬ್ರಾಣಿ, ಕರ್ಪೂರ. ಇವುಗಳಲ್ಲಿ ಐದನ್ನು ಆರಿಸಿ, ನಿಮಗೆ ಬೇಕಾದ ಕ್ರಮದಲ್ಲಿ ಒಂದಾದ ಮೇಲೊಂದರಂತೆ ಮೂಗಿಗೆ ಹಿಡಿದರೆ ಬಾಗಿಲು ತೆರೆಯುತ್ತದೆ. ನಡುನಡುವೆ ಒಂದು ನಿಮಿಷ ಕಾಯಬೇಕು, ಮೂಗು ಶುದ್ಧವಾಗಬೇಕಲ್ಲ. ಮೂರು ಸಲ ತಪ್ಪಿದರೆ ಬೀಗ ಕಾಲು ಗಂಟೆ ಯಾರ ಮಾತನ್ನೂ ಕೇಳದು. ಅದಕ್ಕೆ ಕಂಪನಿಯವರು ಮುದ್ದಾಗಿ 'ಮುನಿಸು' ಎಂದು ಹೆಸರಿಟ್ಟಿದ್ದರು.

ಜನ ಒಗ್ಗಿಕೊಂಡರು. ಏನಕ್ಕೆ ತಾನೇ ಒಗ್ಗಿಕೊಳ್ಳುವುದಿಲ್ಲ? ಕದ್ದು ನೋಡುವವರಿಗೆ ತಿಳಿಯಬಾರದೆಂದು ಕಡ್ಡಿಗಳೆಲ್ಲ ಒಂದೇ ಥರ ಇರುತ್ತಿದ್ದವು. ಹಾಗಾಗಿ ಶೀತ ಹಿಡಿದವರು ಪಕ್ಕದ ಮನೆ ಬಾಗಿಲು ಬಡಿದು, "ಸ್ವಲ್ಪ ಮೂಸಿ ಹೇಳ್ರಕ್ಕ, ಇದು ದವನಾನೋ ಮರುಗಾನೋ?" ಎಂದು ಕೇಳುವುದು ಬೀದಿಬೀದಿಯಲ್ಲೂ ಮಾಮೂಲಾಯಿತು. ಗಂಡ ಹೆಂಡತಿ ತಮ್ಮ ತಮ್ಮ ಕ್ರಮ ಹೇಳಿಕೊಂಡರೆಂದರೆ ಆ ಸಂಸಾರ ನೆಟ್ಟಗಿದೆ ಎಂದೇ ಅರ್ಥ.

ಕಂಪನಿಯ ನಿರ್ದೇಶಕ ಇಂದುಶೇಖರ್ ಮಾತಿನ ಮಲ್ಲ. "ತೊಂಬತ್ತೈದು ಸಾವಿರದ ನಲವತ್ತು ಕ್ರಮಗಳು! ಅದರಲ್ಲಿ ಒಂದೇ ಒಂದು ನಿಮ್ಮದು. ಊರಿನ ಕಳ್ಳರೆಲ್ಲ ಸಾಲಾಗಿ ನಿಂತು ಮೂಸಿಸಿದರೂ ನಿಮ್ಮ ಬಾಗಿಲು ಅಲುಗಾಡದು" ಎಂದು ಅವನು ಟಿವಿಯಲ್ಲಿ ಹೇಳಿದ್ದು ಮಕ್ಕಳ ಬಾಯಲ್ಲೂ ಕುಣಿಯುತ್ತಿತ್ತು.

ಆ ಸಂಖ್ಯೆಯನ್ನು ಎಣಿಸಿಕೊಟ್ಟವಳು ಅದೇ ಕಂಪನಿಯ ಎಣಿಕೆ ಕೋಣೆಯ ದಾಕ್ಷಾಯಿಣಿ. ಎದುರು ಬಂದವರಿಗೆ ಗೋಡೆ ಪಕ್ಕಕ್ಕೆ ಸರಿದು ದಾರಿ ಬಿಡುವ ಹುಡುಗಿ. ಮಾತು ಕಮ್ಮಿ, ಕಣ್ಣು ಜಾಸ್ತಿ.

ಆ ಲೆಕ್ಕ ಮುಗಿದ ದಿನ ಅವಳು ಮನೆಗೆ ಬಂದಾಗ ಅವ್ವ ಜಗಲಿಯಲ್ಲಿ ಹೂ ಕಟ್ಟುತ್ತಿದ್ದರು. ತಂಗಿ ನೀಲಾಂಬಿಕೆ ಪಕ್ಕದಲ್ಲಿ ಕೂತು ಕಟ್ಟಿದ್ದನ್ನು ಕಟ್ಟಿದ ಹಾಗೇ ಮುಡಿದು ಬೈಸಿಕೊಳ್ಳುತ್ತಿದ್ದಳು.

"ಅಷ್ಟು ದೊಡ್ಡ ಸಂಖ್ಯೆ ಎಲ್ಲಿಂದ ಬಂತೇ ಅಕ್ಕ? ಇರೋದು ಹನ್ನೆರಡೇ ಕಡ್ಡಿ" ಎಂದಳು ನೀಲಿ.

ದಾಕ್ಷಾಯಿಣಿ ಅವ್ವನ ಬುಟ್ಟಿ ತೋರಿಸಿದಳು. "ಹನ್ನೆರಡು ಥರದ ಹೂವಿದೆ ಅಂದ್ಕೊ. ಐದು ಥರದ್ದು ಬುಟ್ಟಿಗೆ ಹಾಕ್ಕೊಂಡು ಬಾ ಅಂದರೆ ಏಳುನೂರ ತೊಂಬತ್ತೆರಡು ಬಗೆ. ಬುಟ್ಟಿಯಲ್ಲಿ ಯಾವುದು ಮೇಲಿದೆ ಯಾವುದು ಕೆಳಗಿದೆ ಅಂತ ಯಾರೂ ಕೇಳಲ್ಲ. ಆದರೆ ಅದೇ ಐದನ್ನ ದಾರಕ್ಕೆ ಕಟ್ಟಿ ದಂಡೆ ಮಾಡೋವಾಗ ಯಾವುದು ಮೊದಲು ಯಾವುದು ಆಮೇಲೆ ಅನ್ನೋದು ಬರುತ್ತೆ. ಒಂದೊಂದು ಬುಟ್ಟಿಗೂ ನೂರಿಪ್ಪತ್ತು ಥರದ ದಂಡೆ."

"ಹಂಗಾದ್ರೆ ಬುಟ್ಟಿಗಿಂತ ದಂಡೆ ಮುಖ್ಯ."

"ಬೀಗಕ್ಕೆ ದಂಡೆನೇ ಮುಖ್ಯ."

"ಮುಡಿಯೋರಿಗೂ ದಂಡೆನೇ ಕಣೇ ಮುಖ್ಯ" ಎಂದು ನೀಲಿ ಇನ್ನೊಂದು ಮೊಳ ಎಳೆದುಕೊಂಡಳು. ಅವ್ವ ಕೈಗೆ ಪಟ್ಟನೆ ಹೊಡೆದರು.

ನೀಲಿ ಪೇಟೆಯ ಒಂದು ಚಿನ್ನದ ಅಂಗಡಿಯಲ್ಲಿ ಒಡವೆಗೆ ಮೆರುಗು ಕೊಡುವ ಕೆಲಸಕ್ಕೆ ಸೇರಿದ್ದಳು. ಕೆಲಸದವರು ಚೂರುಪಾರು ಚಿನ್ನದೊಂದಿಗೆ ನುಸುಳಬಾರದೆಂದು ಅಂಗಡಿಯವರು ಆ ಕೋಣೆಗೆ ಮೂಗಿನ ಬೀಗ ಹಾಕಿಸಿದರು. ಒಳಗಿಂದ ಬರುವುದಕ್ಕೂ ಕಡ್ಡಿ ಹಿಡಿಯಲೇಬೇಕು. ಒಬ್ಬೊಬ್ಬರಿಗೆ ಒಂದೊಂದು ಕ್ರಮ. ನೀಲಿ ತನ್ನದನ್ನು ಅಕ್ಕನ ಕಿವಿಯಲ್ಲಿ ಹೇಳಿದ್ದಳು. ಕರ್ಪೂರ, ಏಲಕ್ಕಿ, ಮಲ್ಲಿಗೆ, ಲವಂಗ, ಲಾವಂಚ.

"ಕರ್ಪೂರ ಮೊದಲಾ?" ದಾಕ್ಷಾಯಿಣಿಗೆ ನಗು ಬಂದಿತ್ತು. "ಮಂಗಳಾರತಿಯಿಂದ ಪೂಜೆ ಶುರು ಮಾಡೋಳು ನೀನೊಬ್ಬಳೇ."

"ನಾನು ಹಾಸಿಗೆ ಬಿಟ್ಟು ಏಳೋದೇ ಅವ್ವ ಮಂಗಳಾರತಿ ಎತ್ತಿದಾಗ ತಾನೆ? ನನ್ನ ದಿನ ಶುರುವಾಗೋದೇ ಕರ್ಪೂರದಿಂದ. ಆಮೇಲೆ ಏಲಕ್ಕಿ ಟೀ. ಆಮೇಲೆ ಜಡೆಗೆ ಮಲ್ಲಿಗೆ. ಸಾಯಂಕಾಲ ಅವ್ವನ ಹಲ್ಲುನೋವಿಗೆ ಲವಂಗದೆಣ್ಣೆ. ಮಲಗೋವಾಗ ಲಾವಂಚದ ಚಾಪೆ. ನನ್ನ ದಿನಾನೇ ನನ್ನ ಬೀಗ. ಹೆಂಗೆ ಮರೀಲಿ ಹೇಳು?"

ಅದಾಗಿ ಆರು ತಿಂಗಳಿಗೆ, ಉಳಿದ ಕೆಲಸದವರು ಮನೆಗೆ ಹೋಗಿ ನೀಲಿ ಒಬ್ಬಳೇ ಒಳಗಿದ್ದ ಒಂದು ಸಂಜೆ, ಮೆರುಗು ಕೋಣೆಯ ತಂತಿಗೆ ಬೆಂಕಿ ಹತ್ತಿತು. ಬೆಂಕಿ ದೊಡ್ಡದೇನಲ್ಲ. ಹೊಗೆ ದೊಡ್ಡದಿತ್ತು. ಹೊರಗಿನವರು ಬಾಗಿಲು ಒಡೆದು ಒಳಹೋದಾಗ ನೀಲಿ ಬಾಗಿಲಿಗೇ ಒರಗಿ ಕೂತಿದ್ದಳು, ಕಡ್ಡಿಗೊಂಚಲು ಕೈಯಲ್ಲೇ ಇತ್ತು.

ವಿಚಾರಣೆ ನಡೆಯಿತು. ಪ್ರತಿ ಬೀಗದೊಳಗೂ ನೆನಪಿನ ಪೆಟ್ಟಿಗೆ ಇರುತ್ತದೆ, ಮೂಗಿಗೆ ಬಡಿದ ವಾಸನೆಯೆಲ್ಲ ಒಂದೂ ಬಿಡದೆ ಅದರಲ್ಲಿ ಉಳಿಯುತ್ತದೆ, ಯಾರು ಯಾವ ಕಡ್ಡಿ ಹಿಡಿದರೆಂದು ಅದರಿಂದ ತಿಳಿಯುತ್ತದೆ. ಕಂಪನಿಯವರಲ್ಲದೆ ಬೇರೆಯವರು ಅದನ್ನು ಬಿಚ್ಚಲಾರರು. ಇಂದುಶೇಖರ್ ಪ್ರಮಾಣ ಮಾಡಿ ಹೇಳಿದ, "ಪೆಟ್ಟಿಗೆ ಪೂರ್ತಿ ಸುಟ್ಟುಹೋಗಿದೆ, ಮಹಾಸ್ವಾಮಿ. ಆ ಹುಡುಗಿಯ ಕ್ರಮ ಏನಿತ್ತು ಅಂತ ಪ್ರಪಂಚದಲ್ಲಿ ಯಾರಿಗೂ ಗೊತ್ತಾಗೋ ಹಾಗಿಲ್ಲ. ಬೀಗದಲ್ಲಿ ದೋಷವಿಲ್ಲ. ಪಾಪ, ಗಾಬರಿಯಲ್ಲಿ ಕ್ರಮ ಮರೆತಿದ್ದಾಳೆ."

ಜಡ್ಜ್ ಸೋಮಣ್ಣಗೌಡರು ಬರೆದರು: ಮೃತಳು ಕ್ರಮ ಮರೆತ ಕಾರಣ.

ಅವತ್ತು ಮನೆಗೆ ಬಂದು ಅವ್ವ ಒಂದು ಮಾತು ಆಡಿದರು. "ನೀನು ಎಣಿಸಿಕೊಟ್ಟ ಬೀಗ." ಮಾರನೆಯ ವಾರ ದಾಕ್ಷಾಯಿಣಿ ಮತ್ತೆ ಅದೇ ಕಂಪನಿಗೆ ಕೆಲಸಕ್ಕೆ ಹೊರಟಾಗ ಆ ಮಾತೂ ನಿಂತಿತು. ಆಮೇಲೆ ಅವ್ವ ಅವಳೊಂದಿಗೆ ಮಾತಾಡಲೇ ಇಲ್ಲ. ಹೇಳಬೇಕಾದ್ದನ್ನು ಗೋಡೆಗೆ ಹೇಳುತ್ತಿದ್ದರು. "ಅನ್ನ ಆಗಿದೆ. ಬೇಕಾದೋರು ಬಡಿಸ್ಕೋಬಹುದು." ಗೋಡೆ ಉತ್ತರ ಕೊಡುತ್ತಿರಲಿಲ್ಲ, ದಾಕ್ಷಾಯಿಣಿಯೂ ಕೊಡುತ್ತಿರಲಿಲ್ಲ. ಪೂಜೆಗೆ ಕರ್ಪೂರ ಹಚ್ಚುವುದನ್ನು ಅವ್ವ ಬಿಟ್ಟೇಬಿಟ್ಟರು. ಮಂಗಳಾರತಿಯಿಲ್ಲದೆ ದಿನಗಳು ಶುರುವಾಗತೊಡಗಿದವು. ಬೀದಿಯವರಂತೂ ಬಾಯಿಗೆ ಬಂದದ್ದು ಆಡಿಕೊಂಡರು. "ಕಂಪನಿಯವರು ಏನೋ ಕೊಟ್ಟು ಬಾಯಿ ಮುಚ್ಚಿಸಿದ್ದಾರೆ ಕಣ್ರೀ. ಇಲ್ಲದಿದ್ರೆ ತಂಗೀನ ತಿಂದ ಮನೆಗೆ ಯಾರಾದ್ರೂ ಊಳಿಗಕ್ಕೆ ಹೋಗ್ತಾರಾ?"

ದಾಕ್ಷಾಯಿಣಿ ಊಳಿಗಕ್ಕೆ ಹೋಗುತ್ತಿರಲಿಲ್ಲ. ಕಾಯುವುದಕ್ಕೆ ಹೋಗುತ್ತಿದ್ದಳು. ಸತ್ತವಳು ತನ್ನ ತಂಗಿ ಎಂದು ಅಲ್ಲಿ ಯಾರಿಗೂ ಹೇಳಿರಲಿಲ್ಲ. ನೀಲಿ ಮರೆಯುವವಳಲ್ಲ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿರುವುದು ಬೇರೆ, ತೋರಿಸಿಕೊಡುವುದು ಬೇರೆ. ಹಾವು ಬಿಲದಿಂದ ತಾನೇ ಹೊರಗೆ ಬರುವತನಕ ಬಿಲದ ಬಾಯಲ್ಲಿ ಕೂತಿರಬೇಕು, ಅಷ್ಟೇ.

ಎರಡು ವರ್ಷ ಕಳೆದ ಮೇಲೆ ಹಾವು ತಲೆ ಹಾಕಿತು.

ಅಂದು ಪ್ರಯೋಗಾಲಯದಲ್ಲಿ ಸಭೆ. ದಾಕ್ಷಾಯಿಣಿ ಮುನ್ನೂರು ಮನೆಗಳನ್ನು ವಿಚಾರಿಸಿಕೊಂಡು ಬಂದಿದ್ದಳು. ಜನ ಪೂರ್ತಿ ಕ್ರಮ ಹೇಳುವುದಿಲ್ಲ. ಮೊದಲು ಯಾವುದು, ಕೊನೆಗೆ ಯಾವುದು ಎಂದಷ್ಟೇ ಕೇಳಿದ್ದಳು.

"ಬೀಗ ತೊಂಬತ್ತೈದು ಸಾವಿರ ಬಗೆ ಕೊಡುತ್ತೆ ಸಾರ್, ಆದರೆ ಜನ ಅಷ್ಟನ್ನು ಬಳಸಲ್ಲ" ಎಂದಳು, ಮೇಜನ್ನೇ ನೋಡುತ್ತ. "ಕಡ್ಡಿ ಕೈಗೆ ತಗೊಂಡ ತಕ್ಷಣ ಅವರಿಗೆ ಪೂಜೆ ನೆನಪಾಗುತ್ತೆ. ಗಂಧ ಮೊದಲು ಇಡ್ತಾರೆ. ಕರ್ಪೂರ ಕೊನೆಗಿಡ್ತಾರೆ. ಮಂಗಳಾರತಿ ಆದಮೇಲೆ ಇನ್ನೇನು ಉಳೀತು ಅಂತ. ಕಳ್ಳನಿಗೆ ಇದು ಹೊಳೆದರೆ ಅವನು ಹುಡುಕಬೇಕಾದ್ದು ನಡುವಿನ ಮೂರು ಕಡ್ಡಿ ಮಾತ್ರ. ಉಳಿದ ಹತ್ತರಲ್ಲಿ ಮೂರು, ಕ್ರಮವಾಗಿ. ಬರೀ ಏಳುನೂರ ಇಪ್ಪತ್ತು."

ಗಾಜಿನ ಕೆಲಸ ನೋಡಿಕೊಳ್ಳುವ ಲಿಯೋನಾರ್ಡ್ ಶಿಳ್ಳೆ ಹಾಕಿದ. "ನಮ್ಮ ಮನೇಲಿ ಪೂಜೆ ಇಲ್ಲ ದಾಕ್ಷಿ. ಆದ್ರೂ ನಾನು ಕರ್ಪೂರ ಕೊನೆಗೇ ಇಟ್ಟಿದ್ದೀನಿ ನೋಡು. ಊರ ಗಾಳಿ ಬಡಿದಿದೆ ನಂಗೂ."

"ಕರ್ಪೂರ ಮೊದಲು ಇಟ್ಟೋರು ಒಬ್ಬರೂ ಸಿಗಲಿಲ್ಲ ಸಾರ್" ಎಂದಳು ದಾಕ್ಷಾಯಿಣಿ.

ಇಂದುಶೇಖರ್ ಕುರ್ಚಿ ಹಿಂದಕ್ಕೆ ಒರಗಿಸಿ ನಕ್ಕ. ಸೋಲುವುದು ಅವನಿಗೆ ಗೊತ್ತಿರಲಿಲ್ಲ, ಸಣ್ಣ ಮಾತಿನಲ್ಲೂ. "ಒಬ್ಬರೂ ಇಲ್ಲ ಅನ್ಬೇಡ. ಕರ್ಪೂರದಿಂದಲೇ ಶುರು ಮಾಡಿದ ಹುಡುಗಿಯೂ ಇದ್ದಳು."

ಮಾತು ಬಾಯಿಂದ ಬಿದ್ದಮೇಲೆ ಅವನು ನೀರಿನ ಲೋಟ ಎತ್ತಿಕೊಂಡ. ಲೋಟ ಖಾಲಿ ಇತ್ತು. ಖಾಲಿ ಲೋಟವನ್ನೇ ಕುಡಿದು ಕೆಳಗಿಟ್ಟ. ಲಿಯೋನಾರ್ಡ್ ಯಾವುದೋ ಕಾಗದ ಮಡಚುತ್ತಿದ್ದ. ನೋಡಿದವಳು ದಾಕ್ಷಾಯಿಣಿ ಒಬ್ಬಳೇ.

ಜನರ ಮನೆ ಅಂಗಡಿಗಳಲ್ಲಿರುವ ಬೀಗದ ಕ್ರಮ ಕಂಪನಿಗೆ ತಿಳಿಯುವುದಿಲ್ಲ. ಪೆಟ್ಟಿಗೆ ಬಿಚ್ಚಿದರೆ ಮಾತ್ರ ತಿಳಿಯುತ್ತದೆ. ಅವನು ಬಿಚ್ಚಿದ್ದ. ನೋಡಿದ್ದ. ನೋಡಿ, ನೀಲಿ ಮರೆತಳು ಎಂದು ಪ್ರಮಾಣ ಮಾಡಿದ್ದ.

ಅವತ್ತು ಅವಳು ಮನೆಗೆ ಹೋಗಿ ಎರಡು ತಟ್ಟೆ ಅನ್ನ ಉಂಡಳು. ಅವ್ವ ಗೋಡೆಗೆ ಹೇಳಿದರು, "ಇವತ್ತು ಯಾರಿಗೋ ಹಸಿವು ಜೋರಾಗಿದೆ."

ಹಸಿವು ಜೋರಾಗಿಯೇ ಇತ್ತು. ಆದರೆ ಸಭೆಯಲ್ಲಿ ಜಾರಿದ ಒಂದು ಮಾತನ್ನು ಯಾವ ಕೋರ್ಟೂ ತೂಗುವುದಿಲ್ಲ. 'ನಾನು ಹೇಳಿದ್ದು ಬೇರೆ ಯಾರನ್ನೋ' ಎಂದುಬಿಟ್ಟರೆ ಆಯಿತು. ಅವನ ಬಾಯಿಂದಲ್ಲ, ಅವನ ಕೈಯಿಂದ ಹೇಳಿಸಬೇಕು. ಹತ್ತು ಜನರ ಎದುರು. ತಪ್ಪಿಸಿಕೊಳ್ಳಲಾಗದ ಕಡೆ. ಕತ್ತು ಹಿಸುಕಿದರೆ ಅವನು ಸತ್ತಾನು ಅಷ್ಟೆ, ನೀಲಿ ಮರೆತವಳಾಗಿಯೇ ಉಳಿಯುತ್ತಾಳೆ. ಅವಳಿಗೆ ಅವನ ಹೆಣ ಬೇಕಿರಲಿಲ್ಲ. ಅವನು ಜೀವದಾಸೆಗೆ ನೀಲಿಯ ದಿನವನ್ನು ಒಂದೊಂದಾಗಿ ಎತ್ತಿ ಹಿಡಿಯುವುದನ್ನು ನೋಡಬೇಕಿತ್ತು.

ದಾರಿಯನ್ನು ಅವನೇ ಮಾಡಿಕೊಟ್ಟ. ದೊಡ್ಡ ಬ್ಯಾಂಕೊಂದು ತನ್ನ ಖಜಾನೆಗಳಿಗೆಲ್ಲ ಈ ಬೀಗ ಹಾಕಿಸುವ ಮಾತು ನಡೆದಿತ್ತು. ಅವರ ಅನುಮಾನ ಕಳೆಯಲು ಇಂದುಶೇಖರ್ ಒಂದು ಪ್ರದರ್ಶನ ಇಟ್ಟ. ಸಭಾಂಗಣದ ನಡುವೆ ಗಾಜಿನ ಕೋಣೆ, ಅಂಗೈ ದಪ್ಪದ ಗಾಜು. ಹೊರಗಿನ ವಾಸನೆ ಒಳಗೆ ಬೆರೆಯಬಾರದೆಂದು ಒಂದು ಸಂದೂ ಇಲ್ಲ. ಒಳಗಿನ ಗಾಳಿ ಬದಲಿಸಲು ಮೇಲೆ ಒಂದು ಫ್ಯಾನು, ಅದರ ಸ್ವಿಚ್ಚು ಹೊರಗೆ ದಾಕ್ಷಾಯಿಣಿಯ ಮೇಜಿನ ಮೇಲೆ. ಇಂದುಶೇಖರ್ ಒಳಗೆ ಹೋಗಿ ಬೀಗ ಹಾಕಿಸಿಕೊಳ್ಳುತ್ತಾನೆ, ತನ್ನ ಕ್ರಮ ಹಿಡಿದು ಹೊರಗೆ ಬರುತ್ತಾನೆ. ನೋಡುವವರಿಗೆ ತಿಳಿಯಲೆಂದು ಕಡ್ಡಿಗಳ ತುದಿಗೆ ಬಣ್ಣ ಹಚ್ಚಿ, ಯಾವ ಬಣ್ಣ ಯಾವ ಪರಿಮಳವೆಂದು ಹೊರಗೆ ಬೋರ್ಡು ಹಾಕಿದ್ದರು. ಮುಖ್ಯ ಅತಿಥಿಗಳಾಗಿ, ಬೀಗಕ್ಕೆ ದೋಷವಿಲ್ಲವೆಂದು ಬರೆದ ಜಡ್ಜ್ ಸೋಮಣ್ಣಗೌಡರೇ ಬರುವವರಿದ್ದರು. ಬೀಗಕ್ಕೆ ಕ್ರಮ ತುಂಬುವ ಕೆಲಸ ದಾಕ್ಷಾಯಿಣಿಯದು.

"ಗಾಜಿನ ಕೋಣೆಗೆ ಮೊದಲು ಪೂಜೆ ಮಾಡಿದ್ರೆ ಚೆನ್ನಾಗಿರುತ್ತೆ ಸಾರ್. ಬ್ಯಾಂಕಿನವರಿಗೆ ಹಿಡಿಸುತ್ತೆ" ಎಂದಳು ಹಿಂದಿನ ದಿನ.

"ಒಳ್ಳೇ ಯೋಚನೆ ಕಣಮ್ಮ. ನೀನೇ ವ್ಯವಸ್ಥೆ ಮಾಡು" ಎಂದ ಇಂದುಶೇಖರ್.

ಮನೆಯಲ್ಲಿ ಅವಳು ಅವ್ವನ ಮುಂದೆ ನಿಂತಳು. "ನಾಳೆ ನನ್ನ ಜೊತೆ ಕಂಪನಿಗೆ ಬಾ ಅವ್ವ."

ಅವ್ವ ಗೋಡೆ ಕಡೆ ತಿರುಗಿದರು. "ಆ ಜಾಗಕ್ಕೆ ನನ್ನ ಹೆಣವೂ ಹೋಗಲ್ಲ."

"ನೀಲಿ ಕ್ರಮ ಮರೆತಿರಲಿಲ್ಲ. ಅದನ್ನ ಅವನೇ ಹೇಳ್ತಾನೆ. ಕೇಳೋಕೆ ನೀನು ಇರಬೇಕು."

ಅವ್ವ ಎದ್ದು ದೀಪ ಆರಿಸಿದರು. ಬೆಳಿಗ್ಗೆ ದಾಕ್ಷಾಯಿಣಿ ಹೊರಟಾಗ ಅವ್ವ ಸೀರೆ ಉಟ್ಟು ಜಗಲಿಯಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದರು.

ಸಭಾಂಗಣ ತುಂಬಿತ್ತು. ಪುರೋಹಿತರು ಗಾಜಿನ ಕೋಣೆಗೆ ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದು, ದಾಕ್ಷಾಯಿಣಿ ಕೈಗಿತ್ತ ಧೂಪದ ಬಟ್ಟಲಿಗೆ ಸಾಂಬ್ರಾಣಿ ಸುರಿದರು. ಅವಳು ಬೇಕೆಂದೇ ಎರಡು ಹಿಡಿ ಜಾಸ್ತಿ ತಂದಿದ್ದಳು. ಕೋಣೆಯ ಒಳಗೆಲ್ಲ ತೆಳ್ಳಗೆ ಮಂಜು ಕಟ್ಟಿದಂತಾಯಿತು. ಬ್ಯಾಂಕಿನ ಮೇಡಂ ಕೈ ಮುಗಿದರು. ಇಂದುಶೇಖರ್ ನಗುನಗುತ್ತ ಒಳಗೆ ಹೋದ. ಬಾಗಿಲು ಮುಚ್ಚಿತು.

"ನೋಡಿ, ಒಂದು ಸೊಳ್ಳೆ ಕೂಡ ಹೊರಗೆ ಹೋಗಲ್ಲ" ಅವನ ದನಿ ಮೈಕಿನಲ್ಲಿ ಬಂತು. "ನಾನು ಹೋಗ್ತೀನಿ!"

ಜನ ನಕ್ಕರು. ಅವನು ಒಂದೊಂದೇ ಕಡ್ಡಿ ಎತ್ತಿ, ಜಾದೂಗಾರನ ಹಾಗೆ ಎಲ್ಲರಿಗೂ ತೋರಿಸಿ ಮೂಗಿಗೆ ಹಿಡಿದ. ಗಂಧ. ಗುಲಾಬಿ. ಕೇದಿಗೆ. ಸಂಪಿಗೆ. ಕೊನೆಗೆ ಕರ್ಪೂರ.

ಕೆಂಪು ದೀಪ ಹತ್ತಿತು. ಬಾಗಿಲು ತೆರೆಯಲಿಲ್ಲ.

"ಏನಮ್ಮ ದಾಕ್ಷಾಯಿಣಿ, ಕ್ರಮ ಸರಿಯಾಗಿ ತುಂಬಿದ್ದೀಯ ತಾನೆ?"

ದಾಕ್ಷಾಯಿಣಿ ಮೈಕ್ ಎತ್ತಿಕೊಂಡಳು. ಇಷ್ಟು ಜನರ ಮುಂದೆ ಅವಳು ಜೀವಮಾನದಲ್ಲಿ ಮಾತಾಡಿರಲಿಲ್ಲ.

"ನಿಮ್ಮ ಕ್ರಮ ತೆಗೆದಿದ್ದೀನಿ ಸಾರ್. ಈಗ ಇರೋದು ನೀಲಾಂಬಿಕೆಯ ಕ್ರಮ. ಚಿನ್ನದಂಗಡಿಯಲ್ಲಿ ಸತ್ತ ಹುಡುಗಿ. ನನ್ನ ತಂಗಿ."

ನಗು ನಿಂತಿತು. ಹಿಂದಿನ ಸಾಲಿನಲ್ಲಿದ್ದ ಅವ್ವ ಎದ್ದು ನಿಂತರು.

"ಇದೇನು ಹುಡುಗಾಟ!" ಇಂದುಶೇಖರ್ ಗಾಜಿಗೆ ಅಂಗೈ ಬಡಿದ. "ಲಿಯೋನಾರ್ಡ್! ಗಾಜು ಕತ್ತರಿಸಯ್ಯ!"

"ಅದಕ್ಕೆ ಬೇಕಾದ ಗರಗಸ ಇಲ್ಲಿಲ್ಲ ಸಾರ್" ಎಂದ ಲಿಯೋನಾರ್ಡ್. "ತರಿಸಿ ಕತ್ತರಿಸೋಕೆ ಮೂರು ಗಂಟೆ. ಗಾಜು ನೀವೇ ಆರಿಸಿದ್ದು."

ಜಡ್ಜ್ ಸೋಮಣ್ಣಗೌಡರು ಎದ್ದು ಮೇಜಿನ ಹತ್ತಿರ ಬಂದರು. "ಏನಮ್ಮಾ ಇದು? ಒಳಗಿನ ಗಾಳಿ ಎಷ್ಟು ಹೊತ್ತು ಬರುತ್ತೆ?"

"ಎರಡು ಗಂಟೆ ಸಾರ್."

"ಹಾಗಾದ್ರೆ ಕ್ರಮ ಹೇಳು ಅವನಿಗೆ."

"ಹೇಳಲ್ಲ ಸಾರ್" ಎಂದಳು ದಾಕ್ಷಾಯಿಣಿ, ಮೈಕ್ ಕೆಳಗಿಡದೆ. "ನೀಲಿಯ ಕ್ರಮ ಪ್ರಪಂಚದಲ್ಲಿ ಯಾರಿಗೂ ಗೊತ್ತಿಲ್ಲ, ಪೆಟ್ಟಿಗೆ ಸುಟ್ಟುಹೋಗಿದೆ ಅಂತ ಅವರು ನಿಮ್ಮೆದುರೇ ಪ್ರಮಾಣ ಮಾಡಿದ್ದಾರೆ. ಅದು ನಿಜವಾದರೆ ಅವರು ಇಲ್ಲಿಂದ ಬರಲ್ಲ. ಎರಡು ಗಂಟೆಯಲ್ಲಿ ಹೆಚ್ಚೆಂದರೆ ಹನ್ನೆರಡು ಸಲ ಪ್ರಯತ್ನ ಮಾಡಬಹುದು. ತೊಂಬತ್ತೈದು ಸಾವಿರದ ನಲವತ್ತರಲ್ಲಿ ಹನ್ನೆರಡು. ನನ್ನನ್ನ ಕೊಲೆಗಾರ್ತಿ ಅಂತ ಹಿಡಿದುಕೊಂಡು ಹೋಗಿ. ಅವರು ಹೊರಗೆ ಬಂದರೆ, ಅದೃಷ್ಟ ಅಂತ ಯಾರೂ ಹೇಳಬೇಡಿ. ಆ ಸಂಖ್ಯೆ ಎಷ್ಟು ದೊಡ್ಡದು ಅಂತ ಅವರೇ ಊರಿಗೆಲ್ಲ ಹೇಳಿದ್ದಾರೆ."

ಜಡ್ಜರು ಒಂದು ಸಲ ಗಾಜಿನ ಕಡೆ, ಒಂದು ಸಲ ಅವಳ ಕಡೆ ನೋಡಿದರು. ಕುರ್ಚಿ ಎಳೆದುಕೊಂಡು ಅಲ್ಲೇ ಕೂತರು.

ಇಂದುಶೇಖರ್ ಮೊದಲು ಬೈದ. ಆಮೇಲೆ ಬೇಡಿಕೊಂಡ. ನಿನ್ನ ಅವ್ವನಿಗೆ ಮನೆ ಕಟ್ಟಿಸಿಕೊಡುತ್ತೇನೆ ಎಂದ. ಇದೆಲ್ಲ ಮೈಕಿನಲ್ಲಿ ಎಲ್ಲರಿಗೂ ಕೇಳುತ್ತಿದೆ ಎಂಬುದು ತಡವಾಗಿ ನೆನಪಾಗಿ ಬಾಯಿ ಮುಚ್ಚಿದ. ಕುರುಡು ಗುಂಡು ಹೊಡೆಯುವವನಂತೆ ತೋರಿಸಿಕೊಳ್ಳಲು ಒಂದು ಸಲ ಸುಮ್ಮನೆ ಯಾವ್ಯಾವುದೋ ಐದು ಕಡ್ಡಿ ಹಿಡಿದ. ಕೆಂಪು ದೀಪ. ಎರಡು ತಪ್ಪು. ಅಂಗಿಯ ಗುಂಡಿ ಬಿಚ್ಚಿಕೊಂಡ. ಗಾಜಿನ ಒಳಮೈ ಅವನ ಉಸಿರಿಗೆ ಬೆವರಿತು.

ದಾಕ್ಷಾಯಿಣಿ ಕಣ್ಣು ಮಿಟುಕಿಸದೆ ನೋಡಿದಳು. ಅಂದು ಸಭೆಯಲ್ಲಿ ಅವನು ಬೇರೆ ಯಾರನ್ನೋ ನೆನೆದು ಹೇಳಿದ್ದರೆ? ಅವನಿಗೆ ನಿಜವಾಗಿ ಗೊತ್ತಿರದಿದ್ದರೆ? ಅವಳ ಕೈಯಲ್ಲಿರುವುದು ಒಂದು ಜಾರಿದ ಮಾತು, ಒಂದು ಖಾಲಿ ಲೋಟ. ಅಷ್ಟರ ಮೇಲೆ ಒಂದು ಜೀವ ಇಟ್ಟಿದ್ದಳು. ಅಲ್ಲ, ಎರಡು.

ಅವನು ಕಡ್ಡಿಗೊಂಚಲನ್ನು ನೋಡುತ್ತ ನಿಂತ. ಆಮೇಲೆ ಬೆರಳು ಚಾಚಿ ಬಿಳಿ ತುದಿಯ ಕಡ್ಡಿ ಎತ್ತಿಕೊಂಡ.

ಬೋರ್ಡಿನಲ್ಲಿ ಬಿಳಿ ಎಂದರೆ ಕರ್ಪೂರ.

"ಕರ್ಪೂರ ಮೊದಲಿಗಾ?" ಬ್ಯಾಂಕಿನ ಮೇಡಂ ಬಾಯಿಂದ ಮಾತು ತಾನಾಗಿ ಬಂತು. ಸಭೆಯಲ್ಲಿ ಗುಜುಗುಜು ಎದ್ದಿತು. ಅಲ್ಲಿದ್ದವರೆಲ್ಲರ ಸೊಂಟದಲ್ಲೂ ಕಡ್ಡಿಗೊಂಚಲಿತ್ತು. ಕರ್ಪೂರದಿಂದ ಶುರು ಮಾಡುವವರು ಅವರಲ್ಲಿ ಒಬ್ಬರೂ ಇರಲಿಲ್ಲ.

ಹಸಿರು ತುದಿ. ಏಲಕ್ಕಿ.

ಅವ್ವ ಸಾಲುಗಳ ನಡುವೆ ನಡೆದುಕೊಂಡು ಮುಂದೆ ಬಂದರು.

ಹಳದಿ ತುದಿ. ಮಲ್ಲಿಗೆ. ಅವನ ಕೈಯಿಂದ ಕಡ್ಡಿ ಜಾರಿತು, ಬಗ್ಗಿ ಎತ್ತಿಕೊಂಡ. ಕಂದು ತುದಿ. ಲವಂಗ. ಕೊನೆಗೆ ನೀಲಿ ತುದಿ. ಲಾವಂಚ. ಹಿಡಿದು, ಕಣ್ಣು ಮುಚ್ಚಿ, ಬಾಗಿಲಿಗೆ ಭುಜ ಕೊಟ್ಟು ನಿಂತ.

ಕೆಂಪು ದೀಪ ಹತ್ತಿತು.

ಅವನು ತಿರುಗಿ ಬಾಗಿಲನ್ನು ಒದ್ದ. ಬೀಗದ ಯಂತ್ರದ ದನಿ ಹೆಣ್ಣುಮಕ್ಕಳ ವಯ್ಯಾರದಲ್ಲಿ ನುಡಿಯಿತು: ಮೂರು ತಪ್ಪಾಯಿತು. ನನಗೆ ಮುನಿಸು. ಕಾಲು ಗಂಟೆ ಬಿಟ್ಟು ಬನ್ನಿ.

"ತಪ್ಪಲ್ಲ!" ಇಂದುಶೇಖರ್ ಕಿರುಚಿದ. "ಸರಿಯಾಗಿಯೇ ಇಟ್ಟೆ! ಅವಳ ಕ್ರಮ ಇದೇ! ಫ್ಯಾನ್ ಹಾಕ್ರೋ! ಹೊಗೆ ತುಂಬಿದೆ ಇಲ್ಲಿ, ಫ್ಯಾನ್ ಹಾಕಿ!"

ಲಿಯೋನಾರ್ಡ್‌ನ ಕೈ ಸ್ವಿಚ್ಚಿನ ಕಡೆ ಹೋಯಿತು. ದಾಕ್ಷಾಯಿಣಿ ಅದರ ಮೇಲೆ ತನ್ನ ಅಂಗೈ ಇಟ್ಟಿದ್ದಳು. ಅವನು ಅವಳ ಮುಖ ನೋಡಿ ಕೈ ಹಿಂದಕ್ಕೆ ಎಳೆದುಕೊಂಡ.

ಜಡ್ಜರು ಅವಳಿಂದ ಮೈಕ್ ಇಸಿದುಕೊಂಡರು. ದನಿ ತಣ್ಣಗಿತ್ತು. "ಇಂದುಶೇಖರ್, ಹೊಗೆ ಇದ್ದರೆ ಏನಾಗುತ್ತೆ?"

"ಮೂಗಿಗೆ ತಿಳಿಯಲ್ಲ ಸಾರ್. ಹೊಗೆಗೆ ಮೂಗು ಕಟ್ಟಿಕೊಳ್ಳುತ್ತೆ, ಸರಿಯಾದ ಕಡ್ಡಿ ಹಿಡಿದರೂ ತಪ್ಪು ಅನ್ನುತ್ತೆ. ಫ್ಯಾನ್ ಹಾಕಿಸಿ ಸಾರ್!"

"ಇದು ನಿಮಗೆ ಯಾವಾಗ ಗೊತ್ತಾಯಿತು?"

ಇಂದುಶೇಖರ್ ಕಾಲರಿಗೆ ಕೈ ಹಾಕಿ ಎಳೆದುಕೊಳ್ಳುತ್ತಿದ್ದ. ಗಾಳಿ ಇನ್ನೂ ಬೇಕಾದಷ್ಟಿತ್ತು. ಹೆದರಿದವನಿಗೆ ಗಾಳಿ ಎಷ್ಟಿದ್ದರೂ ಸಾಲದು.

"ಪೆಟ್ಟಿಗೆ ಸುಟ್ಟಿರಲಿಲ್ಲ, ಅಲ್ಲವಾ?"

"ಇಲ್ಲ."

"ಆ ಹುಡುಗಿ ಎಷ್ಟು ಸಲ ಪ್ರಯತ್ನ ಮಾಡಿದ್ದಳು?"

"ಮೂರು ಸಲ." ಅವನು ಗಾಜಿಗೆ ಹಣೆ ಹಚ್ಚಿ ಕುಸಿದು ಕೂತ. "ಪೆಟ್ಟಿಗೆಯಲ್ಲಿ ಉಳಿದ ಹೊಗೆಯ ವಾಸನೆ ಸೋಸಿ ನೋಡಿದೆ, ಮೂರೂ ಸಲ ಸರಿಯಾಗಿಯೇ ಇಟ್ಟಿದ್ದಳು. ಆಮೇಲೆ ಬೀಗ ಮುನಿಸಿಕೊಂಡಿತು."

ದಾಕ್ಷಾಯಿಣಿಗೆ ಕಂಡದ್ದು ಇಂದುಶೇಖರ್ ಅಲ್ಲ. ಬಾಗಿಲಿಗೆ ಒರಗಿ ಕೂತ ಇನ್ನೊಬ್ಬಳು, ಕೆಮ್ಮುತ್ತ, ನಡುನಡುವೆ ನಿಮಿಷ ಕಾದು, ಒಂದೂ ತಪ್ಪದಂತೆ ಕಡ್ಡಿ ಹಿಡಿಯುತ್ತಿದ್ದಾಳೆ. ಮೂಗು ಶುದ್ಧವಾಗಲೆಂದು ಹೊಗೆಯಲ್ಲಿ ಕಾಯುತ್ತಿದ್ದಾಳೆ. ಅಕ್ಕ ಹೇಳಿಕೊಟ್ಟಿದ್ದಳಲ್ಲ, ದಂಡೆಯೇ ಮುಖ್ಯ ಎಂದು.

ಜಡ್ಜರು ಬೆವರು ಒರೆಸಿಕೊಂಡರು. ಮೂಲೆಯಲ್ಲಿ ನಿಂತಿದ್ದ ಪೊಲೀಸಿನವನಿಗೆ ಸನ್ನೆ ಮಾಡಿ ಹತ್ತಿರ ಕರೆದರು. "ನಾನು ಬರೆದದ್ದನ್ನು ನಾನೇ ಅಳಿಸಬೇಕು" ಎಂದು ಯಾರಿಗೂ ಅಲ್ಲದಂತೆ ಹೇಳಿ, ದಾಕ್ಷಾಯಿಣಿ ಕಡೆ ತಿರುಗಿದರು. "ನಿನಗೂ ಇದಕ್ಕೆ ಉತ್ತರ ಕೊಡಬೇಕಾಗುತ್ತೆ, ತಿಳೀತಾ? ಈಗ ಫ್ಯಾನ್ ಹಾಕಮ್ಮ. ಸಾಕು."

"ಆಗಲಿ ಸಾರ್." ಅವಳು ಸ್ವಿಚ್ಚಿನ ಮೇಲಿನ ಬೆರಳು ಒತ್ತಲು ಹೋದಳು.

ಒಂದು ಕೈ ಬಂದು ಅವಳ ಕೈ ಹಿಡಿಯಿತು. ಲವಂಗದೆಣ್ಣೆಯ ವಾಸನೆಯ ಕೈ.

ಎರಡು ವರ್ಷದಿಂದ ಗೋಡೆಯನ್ನೇ ನೋಡಿ ಮಾತಾಡಿದ್ದ ಅವ್ವ ಈಗ ಮಗಳ ಕಣ್ಣನ್ನೇ ನೋಡುತ್ತಿದ್ದರು.

"ಇರು ಮಗಳೇ" ಎಂದರು ಅವ್ವ, ಮೆಲ್ಲಗೆ, ಅನ್ನ ಇನ್ನೂ ಬೆಂದಿಲ್ಲ ಎಂದು ಹೇಳುವವರಂತೆ. "ಬೀಗದ ಮುನಿಸು ಇಳಿಯಲಿ. ಅಲ್ಲೀವರೆಗೂ ಕೂತಿರಲಿ ಅವನು. ನಮ್ಮ ನೀಲಿ ಕೂತಿದ್ದಳಲ್ಲ."

ಜಡ್ಜರು ಬೇರೆ ಕಡೆ ನೋಡಿದರು. ಲಿಯೋನಾರ್ಡ್ ನೆಲ ನೋಡಿದ. ಗಾಜಿನ ಒಳಗೆ ಇಂದುಶೇಖರ್ ಎರಡೂ ಅಂಗೈ ಬಡಿಯುತ್ತಿದ್ದ. ತಾಯಿ ಮಗಳು ಕೈ ಹಿಡಿದುಕೊಂಡು ಅವನ ಮುಂದೆ ನಿಂತರು, ನೋಡುತ್ತ, ಆ ಕಾಲು ಗಂಟೆ ಪೂರ್ತಿ.